ಉಪವಾಸವೂ ಉದರದ ಆಮ್ಲವೂ

ಬಾಹ್ಯ ತಪಸ್ಸು ಆರು ವಿಧ. ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ ಎಂಬ ಈ ಆರರಲ್ಲಿ ಮೊದಲಿನ ನಾಲ್ಕೂ ಆಹಾರಕ್ಕೆ ಸಂಬಂಧಿಸಿದವು. ಉದರವನ್ನು ಹದ್ದಿನಲ್ಲಿಡದೆ ಇಂದ್ರಿಯಜಯವಿಲ್ಲವೆಂಬ ಪೂರ್ವಾಚಾರ್ಯರ ಅಭಿಪ್ರಾಯ ಈ ಕ್ರಮದಿಂದಲೇ ಸ್ಪಷ್ಟವಾಗುತ್ತದೆ. ಈ ಆರನ್ನು ಒಂಬತ್ತನೆಯ ಅಧ್ಯಾಯದಲ್ಲಿ ಎಣಿಸುವ ತತ್ತ್ವಾರ್ಥಸೂತ್ರವೇ, ಆರನೆಯ ಅಧ್ಯಾಯದಲ್ಲಿ ಷೋಡಶಕಾರಣಗಳನ್ನು ಹೇಳುವಾಗ ತ್ಯಾಗಕ್ಕೂ ತಪಸ್ಸಿಗೂ ಹಿಂದೆ ‘ಶಕ್ತಿತಃ’ ಎಂಬ ಮಾತನ್ನು ಇರಿಸಿದೆ. ಇದ್ದ ಶಕ್ತಿಯನ್ನು ಬಚ್ಚಿಡಬಾರದು, ಇಲ್ಲದ ಶಕ್ತಿಯನ್ನು ಇದೆಯೆಂದು ಭ್ರಮಿಸಲೂಬಾರದು ಎಂಬುದು ಅದರ ತಾತ್ಪರ್ಯ.

ಶಕ್ತಿಯನ್ನು ಅಳೆಯಬೇಕಾದರೆ ಶರೀರವನ್ನು ತಿಳಿದಿರಬೇಕು. ಉಪವಾಸದ ದಿನ ಎಲ್ಲರ ಗಮನವೂ ಹೋಗುವ ಅಂಗ ಜಠರ. ಅದರೊಳಗಿನ ಆಮ್ಲ ಎಲ್ಲಿಂದ ಬರುತ್ತದೆ, ಆ ಆಮ್ಲ ಜಠರವನ್ನೇ ಏಕೆ ಸುಡುವುದಿಲ್ಲ, ಯಾವಾಗ ಸುಡುತ್ತದೆ ಎಂಬ ಮೂರು ಪ್ರಶ್ನೆಗಳು ಈ ಪಾಠದ ವಿಷಯ.

ಎರಡು ಬಗೆಯ ಅಜ್ಞಾನ

ಬೆಂಗಳೂರಿನ ಹೊರವಲಯದಲ್ಲಿ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳು ಬೆಳೆದಂತೆಲ್ಲ, ಊರುಬಸದಿಯ ನೆರಳಿನಲ್ಲಿ ಹುಟ್ಟಿದ ಅನೇಕ ಕುಟುಂಬಗಳು ಅಲ್ಲಿಗೆ ಬಂದು ನೆಲೆಸಿವೆ. ಅಲ್ಲಿ ದಿನಚರಿಯನ್ನು ನಿಯಮಿಸುವುದು ಸೂರ್ಯನಲ್ಲ, ಪಾಳಿ. ಭಾದ್ರಪದ ಶುಕ್ಲ ಪಂಚಮಿಯಂದು ದಶಲಕ್ಷಣ ಪರ್ವ ಆರಂಭವಾದಾಗ ಇಂಥ ಮನೆಗಳಲ್ಲಿ ಎರಡು ಮಾತುಗಳು ಕೇಳಿಬರುತ್ತವೆ.

ಒಂದು, ಮಗನ ಮಾತು: ‘ಅಮ್ಮಾ, ರಾತ್ರಿ ಪಾಳಿ ಮಾಡುವವನು ಹೊಟ್ಟೆ ಖಾಲಿ ಬಿಟ್ಟರೆ ಆಸಿಡ್ ಹೊಟ್ಟೆಯನ್ನೇ ತಿಂದುಹಾಕುತ್ತದೆ, ಉಪವಾಸ ನನ್ನಿಂದಾಗದು.’ ಇನ್ನೊಂದು, ಅದೇ ಮನೆಯ ಅಜ್ಜಿಯದು: ‘ಐವತ್ತು ವರ್ಷದಿಂದ ಅನಂತನ ನೋಂಪಿ ಬಿಟ್ಟಿಲ್ಲ, ಎದೆಯುರಿ ಗಿದೆಯುರಿ ಎಂದು ಈಗ ಬಿಡಲೇ?’ ಆ ಅಜ್ಜಿ ಮಂಡಿನೋವಿಗಾಗಿ ದಿನವೂ ಗುಳಿಗೆ ನುಂಗುತ್ತಿದ್ದಾಳೆ. ಉಪವಾಸದ ಹಿಂದಿನ ಸಂಜೆಯೂ ನುಂಗಿದ್ದಾಳೆ. ಮಗನದು ಅತಿಭಯ, ಅಜ್ಜಿಯದು ಅಲಕ್ಷ್ಯ. ಎರಡಕ್ಕೂ ಮೂಲ ಒಂದೇ: ಜಠರದ ಗೋಡೆಯ ಸ್ವರೂಪವನ್ನು ಅರಿಯದಿರುವುದು. ಮಗ ಹೆದರಬೇಕಾದ ಕಾರಣವಿಲ್ಲದೆ ಹೆದರಿದ್ದಾನೆ. ಅಜ್ಜಿ ಹೆದರಬೇಕಾದಲ್ಲಿ ಹೆದರಿಲ್ಲ.

ಪೀಣ್ಯದ ತೊಟ್ಟಿ

ಪೀಣ್ಯದಲ್ಲಿ ಲೋಹಕ್ಕೆ ಸತು, ನಿಕ್ಕಲ್, ಕ್ರೋಮಿಯಂ ಲೇಪಿಸುವ ಕಾರ್ಖಾನೆಗಳು ಹಲವಾರು ಇವೆ. ಲೇಪನಕ್ಕೆ ಮೊದಲು ಉಕ್ಕಿನ ಮೇಲಿನ ತುಕ್ಕನ್ನು ತೆಗೆಯಲು ಅದನ್ನು ಹೈಡ್ರೋಕ್ಲೋರಿಕ್ ಆಮ್ಲದ ತೊಟ್ಟಿಯಲ್ಲಿ ಅದ್ದುತ್ತಾರೆ. ಆ ತೊಟ್ಟಿಯನ್ನು ಬರಿಯ ಉಕ್ಕಿನಿಂದ ಮಾಡುವಂತಿಲ್ಲ. ಆಮ್ಲವು ತೊಟ್ಟಿಯನ್ನೇ ಕರಗಿಸೀತು. ಅದಕ್ಕೋಸ್ಕರ ಪ್ಲಾಸ್ಟಿಕ್ಕಿನ ತೊಟ್ಟಿಯನ್ನೋ ಒಳಗೆ ರಬ್ಬರು ಹೊದಿಸಿದ ತೊಟ್ಟಿಯನ್ನೋ ಇಡುತ್ತಾರೆ. ಬಳಸಿ ಉಳಿದ ಆಮ್ಲಜಲವನ್ನು ಸುಣ್ಣದಂಥ ಕ್ಷಾರ ಬೆರೆಸಿ ಶಮನಗೊಳಿಸಿದ ನಂತರವೇ ಹೊರಬಿಡತಕ್ಕದ್ದು.

ಮನುಷ್ಯನ ಜಠರದಲ್ಲಿರುವುದೂ ಇದೇ ಹೈಡ್ರೋಕ್ಲೋರಿಕ್ ಆಮ್ಲ. ಇಂಗ್ಲೆಂಡಿನ ವೈದ್ಯ ವಿಲಿಯಂ ಪ್ರೌಟ್ 1824ರಲ್ಲಿ ಇದನ್ನು ಪ್ರಕಟಿಸಿದನು. ತೊಟ್ಟಿಯ ಆಮ್ಲದಷ್ಟು ಗಾಢವಲ್ಲದಿದ್ದರೂ, ಸ್ರವಿಸಿದ ಕ್ಷಣದಲ್ಲಿ ಅದರ ಆಮ್ಲೀಯತೆ ರಕ್ತದ ಆಮ್ಲೀಯತೆಗಿಂತ ಹತ್ತು ಲಕ್ಷ ಪಟ್ಟಿಗೂ ಮಿಕ್ಕಿದ್ದು. ದಿನಕ್ಕೆ ಸುಮಾರು 1.5ರಿಂದ 2 ಲೀಟರಿನಷ್ಟು ಜಠರರಸ ಸ್ರವಿಸುತ್ತದೆ. ಇದು ಆಹಾರದೊಡನೆ ಬಂದ ಬಹುಪಾಲು ಸೂಕ್ಷ್ಮಜೀವಿಗಳನ್ನು ಮುಂದೆ ಹೋಗಗೊಡದು. ಕಾಳುಬೇಳೆಯ ಪ್ರೋಟೀನನ್ನು ಮೆದುಗೊಳಿಸಿ, ಪೆಪ್ಸಿನ್ ಎಂಬ ಕಿಣ್ವಕ್ಕೆ ಕೆಲಸ ಒದಗಿಸುತ್ತದೆ.

ಇಲ್ಲಿಯೇ ಆಶ್ಚರ್ಯವಿರುವುದು. ಪೀಣ್ಯದ ತೊಟ್ಟಿಗೆ ನಿರ್ಜೀವವಾದ ರಬ್ಬರಿನ ಹೊದಿಕೆ. ಜಠರಕ್ಕೋ ಜೀವಂತವಾದ, ಬೇಳೆಯ ಪ್ರೋಟೀನಿಗಿಂತ ಗಟ್ಟಿಯಲ್ಲದ ಮೆದುವಾದ ಜೀವಕೋಶಗಳ ಒಂದೇ ಒಂದು ಸಾಲು. ರಬ್ಬರು ತನ್ನ ಜಡತ್ವದಿಂದ ತಡೆಯುತ್ತದೆ. ಜಠರದ ಕೋಶಗಳು ಎಡೆಬಿಡದ ಕಾರ್ಯದಿಂದ ತಡೆಯುತ್ತವೆ.

ಆಮ್ಲ ಹುಟ್ಟುವ ಬಗೆ

ಉಪ್ಪು ನೀರಿನಲ್ಲಿ ಕರಗಿದಾಗ ಅದರ ಘಟಕಗಳು ವಿದ್ಯುದಂಶವುಳ್ಳ ಕಣಗಳಾಗಿ ಬಿಡಿಬಿಡಿಯಾಗುತ್ತವೆ. ಇವಕ್ಕೆ ಅಯಾನುಗಳೆಂದು ಹೆಸರು. ಜಲಜನಕದ ಅಯಾನು ಹೆಚ್ಚಿದ್ದಷ್ಟೂ ದ್ರವವು ಹುಳಿ. ಅದು ಕಡಿಮೆಯಾದಷ್ಟೂ ಕ್ಷಾರ. ಜಠರದ ಗೋಡೆಯಲ್ಲಿ ಸೂಕ್ಷ್ಮವಾದ ಕೊಳವೆಗಳಂಥ ಗ್ರಂಥಿಗಳಿವೆ. ಅವುಗಳೊಳಗೆ ಪೆರೈಟಲ್ ಎಂಬ ಹೆಸರಿನ ಜೀವಕೋಶಗಳು ಕುಳಿತಿವೆ. ಆಮ್ಲವನ್ನು ಕೊಡುವುದು ಇವೇ.

ಈ ಕೋಶದೊಳಗೆ ನೀರೂ ಇಂಗಾಲದ ಡೈಆಕ್ಸೈಡೂ ಕೂಡಿ ಎರಡು ಅಯಾನುಗಳಾಗುತ್ತವೆ: ಒಂದು ಜಲಜನಕದ ಅಯಾನು, ಇನ್ನೊಂದು ಬೈಕಾರ್ಬೊನೇಟ್ ಎಂಬ ಕ್ಷಾರದ ಅಯಾನು. ಕೋಶದ ಪೊರೆಯಲ್ಲಿರುವ ಒಂದು ಪಂಪು ಜಲಜನಕದ ಅಯಾನನ್ನು ಜಠರದ ಕಡೆಗೆ ತಳ್ಳುತ್ತದೆ. ಪ್ರತಿಯಾಗಿ ಪೊಟ್ಯಾಸಿಯಂ ಅಯಾನನ್ನು ಒಳಗೆ ಸೆಳೆಯುತ್ತದೆ. ಒಳಬಂದ ಪೊಟ್ಯಾಸಿಯಂ ಬೇರೊಂದು ದ್ವಾರದಿಂದ ಮತ್ತೆ ಹೊರಬಂದು ಮರುಬಳಕೆಯಾಗುತ್ತದೆ. ಕ್ಲೋರೈಡ್ ಅಯಾನು ತನ್ನದೇ ದ್ವಾರದಿಂದ ಹೊರಟು ಜಲಜನಕದ ಅಯಾನನ್ನು ಕೂಡಿಕೊಳ್ಳುತ್ತದೆ. ಇವೆರಡರ ಕೂಟವೇ ಹೈಡ್ರೋಕ್ಲೋರಿಕ್ ಆಮ್ಲ. ಕಡಿಮೆ ಇರುವಲ್ಲಿಂದ ಹತ್ತು ಲಕ್ಷ ಪಟ್ಟು ಹೆಚ್ಚಿರುವಲ್ಲಿಗೆ ತಳ್ಳುವುದೆಂದರೆ ಬಾವಿಯ ನೀರನ್ನು ಬೆಟ್ಟಕ್ಕೆ ಏರಿಸಿದಂತೆ. ಅದಕ್ಕೆ ಬೇಕಾದ ಶಕ್ತಿಗಾಗಿ ಕೋಶವು ಎಟಿಪಿ ಎಂಬ ಇಂಧನವನ್ನು ವ್ಯಯಿಸುತ್ತದೆ. ಈ ಪಂಪಿನ ಸ್ವರೂಪ ವಿಜ್ಞಾನಿಗಳಿಗೆ ತಿಳಿದುಬಂದದ್ದು 1970ರ ದಶಕದಲ್ಲಿ.

ಉಳಿದ ಬೈಕಾರ್ಬೊನೇಟ್ ಎಲ್ಲಿಗೆ ಹೋಯಿತು? ಕೋಶದ ಹಿಂಬದಿಯಿಂದ ಅದು ರಕ್ತಕ್ಕೆ ಸೇರುತ್ತದೆ. ಅದರ ಬದಲಿಗೆ ರಕ್ತದಿಂದ ಕ್ಲೋರೈಡ್ ಒಳಬರುತ್ತದೆ. ಹೊರಕ್ಕೆ ಹೋದ ಒಂದೊಂದು ಆಮ್ಲಕಣಕ್ಕೂ ಲೆಕ್ಕ ತಪ್ಪದೆ ಒಂದೊಂದು ಕ್ಷಾರಕಣ ರಕ್ತಕ್ಕೆ ಸಲ್ಲುತ್ತದೆ. ಆ ರಕ್ತವು ಸಣ್ಣ ನಾಳಗಳ ಮೂಲಕ ಗ್ರಂಥಿಯ ಬುಡದಿಂದ ಜಠರದ ಮೇಲ್ಮೈಯ ಕಡೆಗೆ ಹರಿಯುವುದರಿಂದ, ಮೇಲ್ಮೈಯ ಕೋಶಗಳಿಗೆ ಬೇಕಾದ ಕ್ಷಾರವು ಅವುಗಳ ಬಾಗಿಲಿಗೇ ಬಂದು ಮುಟ್ಟುತ್ತದೆ. ಆಮ್ಲವನ್ನು ಮಾಡಿದ ಕೋಶವೇ ನೆರೆಯವರಿಗೆ ಅದರ ಶಮನವನ್ನೂ ಕಳುಹಿಸಿದಂತಾಯಿತು.

ರಸಪರಿತ್ಯಾಗದಲ್ಲಿ ಉಪ್ಪನ್ನು ಬಿಡುವವರಿಗೆ ಒಂದು ಸಂದೇಹ ಬರಬಹುದು: ಆಮ್ಲದ ಕ್ಲೋರೈಡು ಉಪ್ಪಿನಿಂದಲೇ ಬರುವುದಾದರೆ, ಉಪ್ಪು ಬಿಟ್ಟ ದಿನ ಜೀರ್ಣಕ್ರಿಯೆ ನಿಂತೀತೇ? ನಿಲ್ಲದು. ಜಠರಕ್ಕೆ ಹೋದ ಕ್ಲೋರೈಡನ್ನು ಕರುಳು ಮತ್ತೆ ಹೀರಿ ರಕ್ತಕ್ಕೆ ಹಿಂದಿರುಗಿಸುತ್ತದೆ. ಆದರೆ ವಾಂತಿಯಾದರೆ ಈ ಚಕ್ರ ಮುರಿಯುತ್ತದೆ. ಪದೇ ಪದೇ ವಾಂತಿಯಾದವನು ಆಮ್ಲವನ್ನೂ ಕ್ಲೋರೈಡನ್ನೂ ನೀರನ್ನೂ ಕಳೆದುಕೊಳ್ಳುತ್ತಾನೆ; ಅದರ ಹಿಂದೆಯೇ ಪೊಟ್ಯಾಸಿಯಮ್ಮೂ ಇಳಿಯುತ್ತದೆ. ಆದುದರಿಂದ ಉಪವಾಸದಲ್ಲಿ ವಾಂತಿ ನಿಲ್ಲದಿದ್ದರೆ ಅದನ್ನು ತಪಸ್ಸಿನ ಅಂಗವೆಂದು ಸಹಿಸತಕ್ಕದ್ದಲ್ಲ.

ಗೋಡೆಯ ರಕ್ಷಣೆ

ಜಠರದ ರಕ್ಷಣೆ ನಾಲ್ಕು ಹಂತದ್ದು.

ಮೊದಲನೆಯದು ಲೋಳೆ. ಮೇಲ್ಮೈಯ ಕೋಶಗಳು ಮಿಲಿಮೀಟರಿಗಿಂತ ಎಷ್ಟೋ ತೆಳುವಾದ ಲೋಳೆಯ ಪದರವನ್ನು ಹರಡಿ, ಅದರೊಳಕ್ಕೆ ಬೈಕಾರ್ಬೊನೇಟನ್ನು ಸ್ರವಿಸುತ್ತವೆ. ಲೋಳೆಯ ಮೇಲ್ಬದಿಯಲ್ಲಿ ತೀವ್ರ ಆಮ್ಲ. ಕೆಳಬದಿಯಲ್ಲಿ, ಕೋಶವನ್ನು ಮುಟ್ಟುವಲ್ಲಿ, ಹೆಚ್ಚುಕಡಿಮೆ ಶುದ್ಧ ನೀರಿನಂತೆ ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ಸ್ಥಿತಿ. ಪೀಣ್ಯದಲ್ಲಿ ಸುಣ್ಣ ಮಾಡುವ ಕೆಲಸವನ್ನು ಇಲ್ಲಿ ಬೈಕಾರ್ಬೊನೇಟ್ ಮಾಡುತ್ತದೆ.

ಎರಡನೆಯದು ಕೋಶಗಳ ಬೆಸುಗೆ. ಅಕ್ಕಪಕ್ಕದ ಕೋಶಗಳು ಬಿಗಿಯಾಗಿ ಹೆಣೆದುಕೊಂಡಿರುವುದರಿಂದ ಆಮ್ಲವು ಸಂದಿಯಲ್ಲಿ ನುಸುಳಲಾರದು. ಅಷ್ಟಿಷ್ಟು ಒಳನುಗ್ಗಿದರೆ ಕೋಶಗಳು ಅದನ್ನು ಹಿಂದಕ್ಕೆ ಸಾಗಿಸಿ ತಮ್ಮ ಒಳಸ್ಥಿತಿಯನ್ನು ಸರಿಪಡಿಸಿಕೊಳ್ಳುತ್ತವೆ.

ಮೂರನೆಯದು ರಕ್ತಪ್ರವಾಹ. ಅದು ಕ್ಷಾರವನ್ನು ತರುತ್ತದೆ, ಒಳಸೇರಿದ ಆಮ್ಲವನ್ನು ಒಯ್ಯುತ್ತದೆ. ಲೋಳೆ, ಬೈಕಾರ್ಬೊನೇಟ್, ರಕ್ತಪ್ರವಾಹ ಈ ಮೂರನ್ನೂ ಕುಗ್ಗದಂತೆ ನೋಡಿಕೊಳ್ಳುವುದು ಪ್ರೊಸ್ಟಗ್ಲ್ಯಾಂಡಿನ್ ಎಂಬ ವಸ್ತು. ಈ ಹೆಸರನ್ನು ನೆನಪಿನಲ್ಲಿಡಬೇಕು. ಅಜ್ಜಿಯ ಗುಳಿಗೆಯ ವಿಚಾರ ಬಂದಾಗ ಇದು ಬೇಕಾಗುತ್ತದೆ.

ನಾಲ್ಕನೆಯದು ನವೀಕರಣ. ಮೇಲ್ಮೈಯ ಕೋಶಗಳ ಆಯುಷ್ಯ ಸುಮಾರು ಮೂರರಿಂದ ಐದು ದಿನ. ಹಳೆಯವು ಕಳಚಿ ಹೊಸವು ಬರುತ್ತಲೇ ಇರುತ್ತವೆ. ಸಣ್ಣ ಗಾಯವಾದರೆ ಪಕ್ಕದ ಕೋಶಗಳು ಜರುಗಿ ಬಂದು ಅಲ್ಪಕಾಲದಲ್ಲಿಯೇ ಅದನ್ನು ಮುಚ್ಚುತ್ತವೆ.

ಇದನ್ನು ನೋಡಿದಾಗ ಆಸ್ರವ-ಸಂವರಗಳ ನೆನಪಾಗುವುದು ಸಹಜ. ಬಾಗಿಲುಗಳಿಂದ ಒಳಬರುವುದು ಆಸ್ರವ, ಬಾಗಿಲನ್ನು ಮುಚ್ಚುವುದು ಸಂವರ. ಆದರೆ ಉಪಮಾನವನ್ನು ಉಪಮಾನವೆಂದೇ ತಿಳಿಯಬೇಕು. ಅಯಾನು ಕರ್ಮಪುದ್ಗಲವಲ್ಲ, ಜಠರದ ಬಾಗಿಲು ಮುಚ್ಚಿದ ಮಾತ್ರಕ್ಕೆ ಆತ್ಮನ ಬಾಗಿಲು ಮುಚ್ಚಿದಂತಾಗದು. ಉಪಮೆಯಿಂದ ಕಲಿಯಬೇಕಾದದ್ದು ಇಷ್ಟು: ಸಂವರವೆಂಬುದು ಒಮ್ಮೆ ಕಟ್ಟಿ ಮರೆಯುವ ಗೋಡೆಯಲ್ಲ, ಪ್ರತಿಕ್ಷಣವೂ ಎಚ್ಚರದಿಂದ ಮಾಡುವ ಕಾರ್ಯ.

ಉಪವಾಸದ ದಿನ ನಡೆಯುವುದೇನು?

ಈಗ ಮಗನ ಭಯವನ್ನು ಪರಿಶೀಲಿಸಬಹುದು. ಊಟವಿಲ್ಲದ ದಿನ ಆಮ್ಲವು ತುಂಬಿ ಉಕ್ಕುತ್ತದೆಯೆಂಬುದು ಅವನ ಕಲ್ಪನೆ. ನಿಜಸ್ಥಿತಿ ಬೇರೆ. ಪೆರೈಟಲ್ ಕೋಶವು ವಿಶ್ರಾಂತಿಯಲ್ಲಿರುವಾಗ ಅದರ ಬಹುಪಾಲು ಪಂಪುಗಳು ಪೊರೆಯ ಮೇಲಿರದೆ ಕೋಶದೊಳಗಿನ ಸಣ್ಣ ಚೀಲಗಳಲ್ಲಿ ಅಡಗಿರುತ್ತವೆ. ಊಟದ ಸೂಚನೆ ಬಂದಾಗ ಮಾತ್ರ ಅವು ಪೊರೆಗೆ ಬಂದು ಸೇರಿ ಕೆಲಸಕ್ಕೆ ತೊಡಗುತ್ತವೆ. ಊಟ ಮುಗಿದ ಮೇಲೆ ಒಳಕ್ಕೆ ಸರಿಯುತ್ತವೆ. ಹಬ್ಬ ಮುಗಿದೊಡನೆ ದೊಡ್ಡ ಪಾತ್ರೆಗಳನ್ನು ಅಟ್ಟಕ್ಕೇರಿಸುವಂತೆ ಇದು. ಉಪವಾಸದ ದಿನ ಆಮ್ಲದ ಸ್ರಾವ ಪೂರ್ತಿ ನಿಲ್ಲುವುದಿಲ್ಲ. ಊಟದ ವೇಳೆಯ ಸ್ರಾವಕ್ಕೆ ಹೋಲಿಸಿದರೆ ಅದು ಅಲ್ಪ. ಆ ಅಲ್ಪವನ್ನು ಹೀರಿ ಮೆದುಗೊಳಿಸುವ ಅನ್ನವಿಲ್ಲದ ಕಾರಣ ಅದು ತೀಕ್ಷ್ಣವಾಗಿರುತ್ತದೆ, ಅಷ್ಟೆ. ಆರೋಗ್ಯವಂತನ ಲೋಳೆಯ ಪದರಕ್ಕೆ ಅದನ್ನು ತಡೆಯುವ ಸಾಮರ್ಥ್ಯವುಂಟು.

ಹೊಟ್ಟೆ ಗುರುಗುಟ್ಟುವುದೂ ಆಮ್ಲ ಕೊರೆಯುವ ಸದ್ದಲ್ಲ. ಹೊಟ್ಟೆ ಬರಿದಾಗಿರುವಾಗ ಸುಮಾರು ಒಂದೂವರೆಯಿಂದ ಎರಡು ಗಂಟೆಗೊಮ್ಮೆ ಜಠರದಿಂದ ಕರುಳಿನವರೆಗೆ ಸಂಕೋಚನದ ಅಲೆಯೊಂದು ಸಾಗಿ, ಉಳಿದ ಚೂರುಪಾರನ್ನು ಗುಡಿಸಿಕೊಂಡು ಹೋಗುತ್ತದೆ. ಅದು ಮನೆಯ ಕಸ ಗುಡಿಸುವ ಸದ್ದು.

ಆದುದರಿಂದ ಆರೋಗ್ಯವಂತನಾದ ಗೃಹಸ್ಥನು ಅಷ್ಟಮಿ-ಚತುರ್ದಶಿಗಳಲ್ಲಿ ಮಾಡುವ ಉಪವಾಸದಿಂದ ಜಠರದಲ್ಲಿ ಹುಣ್ಣು ಹುಟ್ಟುವುದೆಂಬ ಮಾತಿಗೆ ಆಧಾರವಿಲ್ಲ. ಹಲವು ದಿನಗಳ ನಿರಂತರ ಉಪವಾಸದ ವಿಚಾರ ಬೇರೆ. ಆಗ ಕೋಶಗಳ ನವೀಕರಣವೂ ನಿಧಾನವಾಗುವುದೆಂದು ಪರೀಕ್ಷೆಗಳು ತೋರಿಸಿವೆ. ಅಂಥ ವ್ರತಕ್ಕೆ ಪೂರ್ವಾಭ್ಯಾಸವೂ ಗುರುಗಳ ಅನುಮತಿಯೂ ವೈದ್ಯರ ಪರೀಕ್ಷೆಯೂ ಬೇಕು. ಬೆಳಗಾವಿ ಸೀಮೆಯ ಭೋಜ ಗ್ರಾಮದವರಾಗಿ, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹವಿಟ್ಟ ಆಚಾರ್ಯ ಶಾಂತಿಸಾಗರ ಮಹಾರಾಜರ ಉಪವಾಸಗಳನ್ನು ಸ್ಮರಿಸುವವರು, ಅವುಗಳ ಹಿಂದಿದ್ದ ಜೀವನವಿಡೀ ಅಭ್ಯಾಸವನ್ನೂ ಸ್ಮರಿಸಬೇಕು.

ಮನಸ್ಸಿನ ಆಹಾರ

ಪಂಪುಗಳಿಗೆ ಸೂಚನೆ ಹೋಗಲು ಅನ್ನ ಬಾಯಿಗೆ ಬರಲೇಬೇಕೆಂದಿಲ್ಲ. ಒಗ್ಗರಣೆಯ ವಾಸನೆ, ತಟ್ಟೆಯ ಸದ್ದು, ತಿಂಡಿಯ ಮಾತು, ಬರಿಯ ಯೋಚನೆ ಸಾಕು. ಮಿದುಳಿನಿಂದ ಹೊರಟ ನರವು ಜಠರವನ್ನು ಎಬ್ಬಿಸುತ್ತದೆ. ರಷ್ಯದ ಪಾವ್ಲೋವನು ಇದನ್ನು ಸಿದ್ಧಪಡಿಸಿ 1904ರಲ್ಲಿ ನೊಬೆಲ್ ಬಹುಮಾನ ಪಡೆದನು. ಅವನ ಪ್ರಯೋಗಗಳು ನಾಯಿಗಳ ಮೇಲೆ ನಡೆದವು. ಅಹಿಂಸಾಣುವ್ರತಿಗೆ ಆ ಮಾರ್ಗ ಸಮ್ಮತವಾಗದು. ಆದರೂ ಅದರಿಂದ ತಿಳಿದುಬಂದ ಸತ್ಯವು ನಮ್ಮ ಶಾಸ್ತ್ರದ ಮಾತಿಗೆ ಹೊರತಾದುದಲ್ಲ. ಬಾಯಿಯಿಂದ ಆಹಾರವನ್ನು ಬಿಟ್ಟು ಮನಸ್ಸಿನಿಂದ ಬಿಡದವನ ಉಪವಾಸವು ಅಪೂರ್ಣವೆಂದು ಹಿರಿಯರು ಹೇಳುವುದುಂಟು. ಅಂಥವನ ಜಠರವೂ ಅದನ್ನೇ ಹೇಳುತ್ತದೆ: ಬಾರದ ಊಟಕ್ಕಾಗಿ ಆಮ್ಲವನ್ನು ಸುರಿಸುತ್ತದೆ.

ಉಪವಾಸದ ದಿನ ಅಡಿಗೆಯ ಮನೆಯಿಂದ ದೂರವಿದ್ದು ಜಿನಪೂಜೆ, ಸ್ವಾಧ್ಯಾಯ, ಸಾಮಾಯಿಕಗಳಲ್ಲಿ ಕಾಲ ಕಳೆಯಬೇಕೆಂಬ ನಿಯಮ ಇದರಿಂದ ದೇಹಕ್ಕೂ ಹಿತವೆನಿಸುತ್ತದೆ. ಉಪವಾಸವಿದ್ದ ಸೊಸೆಯ ಕೈಯಲ್ಲಿಯೇ ಮನೆಮಂದಿಗೆಲ್ಲ ಪಾಯಸ, ಕೋಸಂಬರಿ ಮಾಡಿಸುವ ಕುಟುಂಬದವರು ಈ ಮಾತನ್ನು ಎರಡು ಸಲ ಓದತಕ್ಕದ್ದು.

ಗೋಡೆಯನ್ನು ಒಡೆಯುವವು

ಹಾಗಾದರೆ ಹುಣ್ಣು ಬರುವುದೆಲ್ಲಿಂದ? ಮುಖ್ಯ ಕಾರಣಗಳು ಎರಡು.

ಒಂದು, ನೋವಿನ ಗುಳಿಗೆಗಳು. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫಿನ್ಯಾಕ್ ಮೊದಲಾದವು ಪ್ರೊಸ್ಟಗ್ಲ್ಯಾಂಡಿನ್ನಿನ ಉತ್ಪತ್ತಿಯನ್ನು ತಡೆದು ನೋವನ್ನು ಇಳಿಸುತ್ತವೆ. ಇದನ್ನು 1971ರಲ್ಲಿ ತೋರಿಸಿದವನು ಜಾನ್ ವೇನ್. ಮಂಡಿಯಲ್ಲಿ ನೋವು ತರುವ ವಸ್ತುವಿನ ಬಂಧುವೇ ಜಠರದಲ್ಲಿ ಲೋಳೆಯನ್ನೂ ರಕ್ತಪ್ರವಾಹವನ್ನೂ ಕಾಯುತ್ತಿರುತ್ತದೆ. ಗುಳಿಗೆ ಎರಡನ್ನೂ ಕುಗ್ಗಿಸುತ್ತದೆ. ಇಲ್ಲಿಗೆ ಅಜ್ಜಿಯ ಸ್ಥಿತಿ ಅರ್ಥವಾಗುತ್ತದೆ. ಅವಳ ಐವತ್ತು ವರ್ಷದ ಅಭ್ಯಾಸ ನಿಜ. ಆದರೆ ಇಂದಿನ ಅವಳ ಜಠರ ಐವತ್ತು ವರ್ಷದ ಹಿಂದಿನದಲ್ಲ. ಕಾವಲುಗಾರನನ್ನು ಕಳುಹಿಸಿಬಿಟ್ಟು ಬಾಗಿಲು ತೆರೆದಿಟ್ಟಂತೆ ಅವಳು ಉಪವಾಸಕ್ಕೆ ಕುಳಿತಿದ್ದಾಳೆ. ಹೃದ್ರೋಗಕ್ಕಾಗಿ ವೈದ್ಯರು ಕೊಟ್ಟ ಆಸ್ಪಿರಿನ್ನನ್ನು ತಾನಾಗಿ ನಿಲ್ಲಿಸುವುದೂ ಅಪಾಯಕರ. ಅಂಥವರು ವ್ರತವನ್ನು ಸ್ವೀಕರಿಸುವ ಮೊದಲೇ ವೈದ್ಯರನ್ನು ಕೇಳತಕ್ಕದ್ದು. ಕೇಳುವುದರಿಂದ ವ್ರತಕ್ಕೆ ಕುಂದಿಲ್ಲ.

ಎರಡು, ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಸೂಕ್ಷ್ಮಜೀವಿ. ಇದು ಯೂರಿಯವನ್ನು ಒಡೆದು ಅಮೋನಿಯ ಮಾಡಿಕೊಂಡು, ತನ್ನ ಸುತ್ತಲಿನ ಆಮ್ಲವನ್ನು ಶಮನಗೊಳಿಸಿ, ಲೋಳೆಯೊಳಗೆ ಬೀಡುಬಿಡುತ್ತದೆ. ಗೋಡೆಯನ್ನು ಉರಿಯೂತಕ್ಕೆ ಈಡುಮಾಡುತ್ತದೆ. ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಇದನ್ನು ಬೆಳೆಸಿ ಗುರುತಿಸಿದರು. 2005ರಲ್ಲಿ ನೊಬೆಲ್ ಬಹುಮಾನ ಪಡೆದರು. ಅಲ್ಲಿಯವರೆಗೆ ಹುಣ್ಣಿಗೆ ಚಿಂತೆಯೇ, ಖಾರವೇ ಕಾರಣವೆಂದು ಲೋಕ ನಂಬಿತ್ತು. ನಮ್ಮ ದೇಶದಲ್ಲಿ ಈ ಸೋಂಕು ಬಹಳ ವ್ಯಾಪಕ. ಸಾಮಾನ್ಯವಾಗಿ ಬಾಲ್ಯದಲ್ಲಿಯೇ ಮನೆಯೊಳಗೆ ಒಬ್ಬರಿಂದೊಬ್ಬರಿಗೆ ತಗಲುತ್ತದೆ. ಸೋಂಕಿದ್ದವರೆಲ್ಲರಿಗೂ ಹುಣ್ಣಾಗುವುದಿಲ್ಲ. ಹುಣ್ಣಿದ್ದರೆ ಪರೀಕ್ಷಿಸಿ, ಕೆಲವು ದಿನಗಳ ಔಷಧದಿಂದ ಇದನ್ನು ನೀಗಬಹುದು.

ಸೂಕ್ಷ್ಮಜೀವಿಗಳಿಗೆ ಘಾತವಾಗುವ ಔಷಧವನ್ನು ಸೇವಿಸಬಹುದೇ ಎಂದು ಕೆಲವರು ಕೇಳುತ್ತಾರೆ. ಗೃಹಸ್ಥನು ಬಿಡತಕ್ಕದ್ದು ಸಂಕಲ್ಪೀ ಹಿಂಸೆ. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಅವನಿಗೆ ಪೂರ್ತಿಯಾಗಿ ತಪ್ಪವು. ರೋಗನಿವಾರಣೆಗಾಗಿ ತೆಗೆದುಕೊಳ್ಳುವ ಔಷಧದಲ್ಲಿ ಕೊಲ್ಲುವ ಸಂಕಲ್ಪವಿಲ್ಲ. ಚತುರ್ವಿಧ ದಾನಗಳಲ್ಲಿ ಔಷಧದಾನವನ್ನು ಎಣಿಸಿದ ಪರಂಪರೆ ನಮ್ಮದು. ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ರಚಿಸಿ, ಮಾಂಸ-ಮದ್ಯಗಳಿಲ್ಲದೆ ಚಿಕಿತ್ಸೆ ಸಾಧ್ಯವೆಂದು ಪ್ರತಿಪಾದಿಸಿದರು. ವೈದ್ಯವನ್ನು ದೂರವಿಡುವುದು ಧರ್ಮವೆಂದು ಅವರು ಹೇಳಲಿಲ್ಲ.

ಪಾಳಿಯವರ ರಾತ್ರಿ

ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳಲ್ಲಿ ಪರದೇಶದ ಹಗಲಿಗೆ ಹೊಂದಿಸಿಕೊಂಡು ಇಲ್ಲಿಯ ರಾತ್ರಿಯೆಲ್ಲ ದುಡಿಯುವ ಯುವಕ-ಯುವತಿಯರಿಗೆ ರಾತ್ರಿಭೋಜನತ್ಯಾಗವೇ ಕಠಿಣ ತಪಸ್ಸು. ಊಟವಿಲ್ಲದ ವೇಳೆಯ ಆಮ್ಲಸ್ರಾವವೂ ದಿನವಿಡೀ ಒಂದೇ ಸಮನಿರದು. ಸಂಜೆಯಿಂದ ನಡುರಾತ್ರಿಯವರೆಗೆ ಹೆಚ್ಚು, ಬೆಳಗಿನ ಹೊತ್ತು ಕಡಿಮೆ. ನಡುರಾತ್ರಿ ಉಂಡು ರೂಢಿಯಾದವನಿಗೆ ಅದೇ ವೇಳೆಗೆ ಹಸಿವೂ ಕೆರಳುತ್ತದೆ. ವ್ರತವನ್ನು ಹಿಡಿದ ಮೊದಲ ದಿನಗಳಲ್ಲಿ ಕಾಣುವ ಸಂಕಟ ಹೆಚ್ಚಾಗಿ ಈ ರೂಢಿಯದು. ಸೂರ್ಯಾಸ್ತಕ್ಕೆ ಎರಡು ಘಳಿಗೆ ಮೊದಲೇ ಉಣ್ಣುವ ಕ್ರಮವನ್ನು ದಿನವೂ ತಪ್ಪದೆ ನಡೆಸಿದರೆ ಹಸಿವೂ ಹೊಸ ವೇಳೆಗೆ ಹೊಂದಿಕೊಳ್ಳುತ್ತದೆ. ಖಾಲಿ ಹೊಟ್ಟೆಗೆ ಕಾಫಿಯ ಮೇಲೆ ಕಾಫಿ ಕುಡಿದು ನಿದ್ರೆಯನ್ನು ತಡೆಯುವುದು ಆಮ್ಲವನ್ನು ಕರೆದು ಕೂರಿಸಿದಂತೆ. ಉಂಡೊಡನೆ ಮಲಗುವವನಿಗೆ ಆಮ್ಲವು ಅನ್ನನಾಳಕ್ಕೆ ಏರಿ ಎದೆಯುರಿ, ಹುಳಿತೇಗು ತರುತ್ತದೆ. ಅನ್ನನಾಳಕ್ಕೆ ಜಠರದಂಥ ಕವಚವಿಲ್ಲ. ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆಯ ಅಂತರವಿರಬೇಕೆಂಬ ವೈದ್ಯರ ಮಾತು ಹಗಲೂಟದ ನಿಯಮದೊಡನೆ ಚೆನ್ನಾಗಿ ಹೊಂದುತ್ತದೆ.

‘ಗ್ಯಾಸ್ಟ್ರಿಕ್ ಗುಳಿಗೆ’ಯ ವಿಚಾರವೂ ಇಲ್ಲಿ ಬರಬೇಕು. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮುಂತಾದವು ಮೇಲೆ ಹೇಳಿದ ಪಂಪನ್ನೇ ಕಟ್ಟಿಹಾಕುತ್ತವೆ. ಅದೂ ಕೆಲಸದಲ್ಲಿ ತೊಡಗಿರುವ ಪಂಪನ್ನು ಮಾತ್ರ. ಆದುದರಿಂದಲೇ ಅವನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುತ್ತಾರೆ. ಪಂಪುಗಳೆಲ್ಲ ಅಡಗಿರುವ ಪೂರ್ಣ ಉಪವಾಸದ ದಿನ ಅವುಗಳ ಪ್ರಭಾವ ಕಡಿಮೆ. ಗುಳಿಗೆಯ ಬಲದಿಂದ ಉಪವಾಸವನ್ನು ಸಾಗಿಸುವೆನೆಂಬ ಲೆಕ್ಕಾಚಾರ ಹೀಗೆ ಎರಡು ರೀತಿಯಲ್ಲೂ ತಪ್ಪು.

ಪಾರಣೆಯ ಎಚ್ಚರ

ವ್ರತವು ಪಾರಣೆಯಲ್ಲಿ ಮುಗಿಯುತ್ತದೆ. ಎಷ್ಟೋ ಸಲ ಕೆಡುವುದೂ ಅಲ್ಲಿಯೇ. ಒಳಸರಿದ ಪಂಪುಗಳು ಅನ್ನ ಬಿದ್ದೊಡನೆ ಹೊರಬರುತ್ತವೆ. ಆಗ ಕರಿದ ತಿಂಡಿ, ಖಾರ, ಕಾಫಿಗಳಿಂದ ಆರಂಭಿಸದೆ ಪ್ರಾಸುಕ ನೀರು, ತೆಳುಗಂಜಿ, ಹೆಸರುಬೇಳೆಯ ಕಟ್ಟು ಇಂಥವನ್ನು ಸ್ವಲ್ಪಸ್ವಲ್ಪವಾಗಿ ಸೇವಿಸುವುದು ಲೇಸು. ಐದು ದಿನಕ್ಕೂ ಮಿಕ್ಕಿದ ಉಪವಾಸದ ನಂತರ ಒಮ್ಮೆಗೇ ಹೊಟ್ಟೆ ತುಂಬ ಉಂಡರೆ ಬೇರೊಂದು ಅಪಾಯವುಂಟು. ಆಹಾರ ಬಂದೊಡನೆ ದೇಹದ ಕೋಶಗಳೆಲ್ಲ ರಕ್ತದಲ್ಲಿದ್ದ ಪೊಟ್ಯಾಸಿಯಂ, ಫಾಸ್ಫೇಟ್, ಮೆಗ್ನೀಸಿಯಂಗಳನ್ನು ಒಳಗೆಳೆದುಕೊಂಡು, ರಕ್ತದಲ್ಲಿ ಅವು ತೀರ ಇಳಿದು, ಹೃದಯದ ಬಡಿತ ತಪ್ಪಬಹುದು, ಪ್ರಾಣವೂ ಹೋಗಬಹುದು. ಎಂಟು, ಹತ್ತು ದಿನ ಉಪವಾಸವಿದ್ದವರ ಪಾರಣೆಯನ್ನು ಬಂಧುಗಳು ಸಂಭ್ರಮವೆಂದು ಭಾವಿಸದೆ ಹೊಣೆಯೆಂದು ಭಾವಿಸಿ, ವೈದ್ಯರ ಸಲಹೆಯಂತೆ ನಡೆಸತಕ್ಕದ್ದು.

ಶಕ್ತಿತಸ್ತಪ

ಹುಣ್ಣು ಇರುವವರು, ಹಿಂದೆ ರಕ್ತಸ್ರಾವವಾದವರು, ನೋವಿನ ಗುಳಿಗೆಯನ್ನಾಗಲಿ ರಕ್ತ ತೆಳುವಾಗಿಸುವ ಗುಳಿಗೆಯನ್ನಾಗಲಿ ನಿತ್ಯವೂ ಸೇವಿಸುವವರು, ಮಧುಮೇಹಕ್ಕೆ ಔಷಧ ಪಡೆಯುವವರು, ಗರ್ಭಿಣಿಯರು ಅನಶನದ ಬದಲಿಗೆ ಅವಮೌದರ್ಯವನ್ನೋ ರಸಪರಿತ್ಯಾಗವನ್ನೋ ಗುರುಗಳ ಬಳಿ ಕೇಳಿ ಸ್ವೀಕರಿಸಬಹುದು. ಅವೂ ಆರರಲ್ಲಿಯೇ ಸೇರಿದವು, ಕೀಳಾದುವಲ್ಲ. ಬರಿಹೊಟ್ಟೆಯಲ್ಲಿ ಕೊರೆದು, ಉಂಡರೆ ಇಳಿಯುವ ನೋವು ಹಲವು ದಿನ ಕಾಣಿಸಿದರೆ ಪರೀಕ್ಷೆ ಮಾಡಿಸಬೇಕು. ಮಲವು ಡಾಂಬರ್‌ನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತವಾಗಲಿ ಕಾಫಿಪುಡಿಯಂಥ ಕಣಗಳಾಗಲಿ ಕಂಡರೆ, ಹೊಟ್ಟೆ ಹಲಗೆಯಂತೆ ಬಿಗಿದು ಸಹಿಸಲಾಗದ ನೋವು ಬಂದರೆ ಕ್ಷಣವೂ ತಡೆಯದೆ ಆಸ್ಪತ್ರೆಗೆ ಹೋಗತಕ್ಕದ್ದು. ವ್ರತಕ್ಕೆ ಭಂಗ ಬಂದರೆ ಗುರುಗಳೆದುರು ಪ್ರಾಯಶ್ಚಿತ್ತವುಂಟು. ಅದು ಅಂತರಂಗ ತಪಸ್ಸುಗಳಲ್ಲಿ ಮೊದಲನೆಯದು. ಕಳೆದುಹೋದ ಮನುಷ್ಯಪರ್ಯಾಯಕ್ಕೆ ಪ್ರಾಯಶ್ಚಿತ್ತವಿಲ್ಲ.

ಮಗನೂ ಅಜ್ಜಿಯೂ ಒಂದೇ ಪರ್ವವನ್ನು ಆಚರಿಸಬಹುದು. ಒಂದೇ ವಿಧದಲ್ಲಿ ಆಚರಿಸಬೇಕಾಗಿಲ್ಲ. ಆರೋಗ್ಯವಂತನಾದ ಮಗ ಚತುರ್ದಶಿಯ ಉಪವಾಸವನ್ನು ಅಂಜದೆ ಹಿಡಿಯಲಿ. ಅಜ್ಜಿ ಅನಂತನ ನೋಂಪಿಯ ಪೂಜೆಯನ್ನೂ ಕಥಾಶ್ರವಣವನ್ನೂ ಬಿಡದೆ, ಏಕಾಶನದಿಂದ ಅದನ್ನು ನಡೆಸಲಿ. ಮಗನು ಬಚ್ಚಿಟ್ಟಿದ್ದ ಶಕ್ತಿಯನ್ನು ಹೊರತೆಗೆದನು. ಅಜ್ಜಿ ಇಲ್ಲದ ಶಕ್ತಿಯ ಹಟವನ್ನು ಬಿಟ್ಟಳು. ಎರಡೂ ತ್ಯಾಗವೇ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ಷೋಡಶಕಾರಣಗಳಲ್ಲಿ ತಪಸ್ಸಿಗೆ ‘ಶಕ್ತಿತಃ’ ಎಂಬ ವಿಶೇಷಣವೇಕೆ?
2. ಆಮ್ಲವನ್ನು ಮಾಡುವ ಕೋಶವು ಮೇಲ್ಮೈಯ ಕೋಶಗಳಿಗೆ ಹೇಗೆ ನೆರವಾಗುತ್ತದೆ?
3. ಉಪವಾಸದ ದಿನ ಪಂಪುಗಳು ಎಲ್ಲಿರುತ್ತವೆ? ಅವನ್ನು ಎಬ್ಬಿಸುವುದು ಯಾವುದು?
4. ನೋವಿನ ಗುಳಿಗೆಯು ಜಠರದ ಯಾವ ರಕ್ಷಣೆಗಳನ್ನು ಕುಗ್ಗಿಸುತ್ತದೆ?
5. ನಿಮ್ಮ ಮನೆಯಲ್ಲಿ ಈ ಪರ್ವಕ್ಕೆ ವ್ರತ ಹಿಡಿಯುವವರು ಯಾರಾರು? ಅವರಲ್ಲಿ ಮೊದಲು ವೈದ್ಯರನ್ನು ಕೇಳಬೇಕಾದವರು ಯಾರು?